ಚಹಾಕ್ಕೆ ಕಳುಹಿಸಿದ ಆರು ಹುಡುಗಿಯರ ಬಗ್ಗೆ

ಹಾಸ್ಟೆಲ್ ಹಾಜರಾತಿ ಆ್ಯಪ್‌ನ ಉಸ್ತುವಾರಿ ಹೊತ್ತ ಮಾನ್ಯರೇ,

ನಿಮ್ಮ ಆ್ಯಪ್ ದೇವದುರ್ಗದ ಹಾಸ್ಟೆಲಿನ ವಿಶಾಖಾ ಎಂಬ ಹುಡುಗಿಯನ್ನು ಹದಿನೈದು ದಿನ ಗೈರುಹಾಜರಿ ಎಂದು ತೋರಿಸಿ ಅವಳ ಸೀಟು ರದ್ದು ಮಾಡಿದೆ. ಆ ಹದಿನೈದೂ ದಿನ ಅವಳು ಹಾಸ್ಟೆಲಿನಲ್ಲೇ ಇದ್ದಳು. ಮುಂದಿನ ತಿಂಗಳು ಅವಳ ದ್ವಿತೀಯ ಪಿಯುಸಿ ಪರೀಕ್ಷೆ. ತಾಯಿ ಗೋಪಮ್ಮ ಗಬ್ಬೂರಿನಿಂದ ನಿಮ್ಮ ಕಚೇರಿಗೆ ಬಂದಾಗ, "ಆಡಿಟ್ ಆಗ್ಯದ ಯವ್ವಾ, ಮಷೀನ್ ಸುಳ್ಳ್ ಹೇಳಂಗಿಲ್ಲ" ಎಂದು ನಿಮ್ಮವರು ಇಂಗ್ಲಿಷಿನ ವರದಿಯೊಂದನ್ನು ತೋರಿಸಿದರಂತೆ. ನಿಜ, ಸುಳ್ಳು ಹೇಳಿದವಳು ನಾನು. ಆ ವರದಿಯ ಕೆಳಗಿರುವ ಸಹಿ ನನ್ನದು.

ನಾನು ರಾಯಚೂರಿನಲ್ಲಿ ಬಿಸಿಎ ಮೊದಲ ವರ್ಷ ಓದುತ್ತಿದ್ದೇನೆ. ನವೆಂಬರಿನಲ್ಲಿ ಆ್ಯಪ್‌ನ ಆಡಿಟ್‌ಗೆಂದು ಮಾನ್ವಿ, ದೇವದುರ್ಗದ ಹಾಸ್ಟೆಲುಗಳ ಮೂವತ್ತು ಹುಡುಗಿಯರನ್ನು ಬಸ್ಸಿನಲ್ಲಿ ಇಲ್ಲಿಗೆ ಕರೆಸಿದಿರಿ. ಹಾಜರಾತಿ ಮಷೀನಿನ ಮೇಲೆ ಅವರ ಬೆರಳು ಒತ್ತಿಸಿ ಫಾರ್ಮ್ ತುಂಬುವ ವಾಲಂಟಿಯರ್ ಕೆಲಸ ನನ್ನದಾಗಿತ್ತು. ಆರು ಜನರನ್ನು ಮಷೀನು ಗುರುತಿಸಲಿಲ್ಲ. ಭಾನುವಾರ ಹತ್ತಿ ಬಿಡಿಸಲು ಹೋಗುವ ಹುಡುಗಿಯರು. ಬೆರಳ ತುದಿ ಸವೆದು ಗೆರೆಗಳೇ ಅಳಿಸಿದ್ದವು.

"ಅಕ್ಕಾ, ನಂದು ತಗೊಳ್ಳವಲ್ದು," ಎಂದಳು ವಿಶಾಖಾ.

"ಸಾಹೇಬ್ರು ಬರಾಕತ್ತಾರ. ನೀವು ಆರು ಮಂದಿ ಹೋಗಿ ಚಾ ಕುಡಿರ್ರಿ."

"ಬರೀ ಚಾ ಏನಕ್ಕ? ಮಿರ್ಚಿನೂ ಕೊಡಸು," ಎಂದು ನಗುತ್ತಾ ಹೋದಳು.

ಆ ಆರು ಹೆಸರು ಬಿಟ್ಟು, ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಸರಿ ಎಂದು ಬರೆದು ಸಹಿ ಹಾಕಿದೆ. ನೀವು ಭೇಷ್ ಎಂದಿರಿ.

ಯಾರೂ ನನಗೆ ಹಾಗೆ ಮಾಡಲು ಹೇಳಿರಲಿಲ್ಲ. ಐದನೇ ತರಗತಿಯಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಹೇಳಿಕೊಡಬೇಕೇ? ಇನ್‌ಸ್ಪೆಕ್ಷನ್ ದಿನ ಹೊಸ ಬೆಡ್‌ಶೀಟ್ ಹಾಸಬೇಕು, ಮೊಟ್ಟೆ ದಿನಾ ಕೊಡುತ್ತಾರೆ ಎನ್ನಬೇಕು, ಕಜ್ಜಿಯಾದವರು ಹಿಂದಿನ ಕೋಣೆಯಲ್ಲಿ ಸುಮ್ಮನೆ ಕೂರಬೇಕು. ಒಂದು ವರ್ಷ ಆ ಕೋಣೆಯಲ್ಲಿ ನಾನೂ ಕೂತಿದ್ದೆ. ಮರೆತಿರಲಿಲ್ಲ. ಆದರೂ ಮಾಡಿದೆ.

ಈಗ ನಿಮ್ಮ ಕಚೇರಿ ಸಾರ್ವಜನಿಕರ ಅಭಿಪ್ರಾಯ ಕೇಳಿದೆ: ಒಂದು ಆಡಿಟ್ ಸಾಕೇ, ಅಥವಾ ಪ್ರತಿ ಲಾಂಚಿಗೆ, ಪ್ರತಿ ಅಪ್‌ಡೇಟಿಗೆ ಮುನ್ನ ಆ್ಯಪ್ ತಯಾರಿದೆಯೇ ಎಂದು ನೋಡುತ್ತಲೇ ಇರಬೇಕೇ? ಎಷ್ಟು ವಿನಯದ ಪ್ರಶ್ನೆ. ಡಿಸೆಂಬರಿನಲ್ಲಿ ಲಾಂಚ್ ಆದಾಗ, ಮಷೀನು ಗುರುತಿಸದವರಿಗೆ ವಾರ್ಡನ್ ತಾವೇ ಹಾಜರಿ ಹಾಕಲು ಒಂದು ಬಟನ್ ಇತ್ತು. ಜನವರಿಯ ಅಪ್‌ಡೇಟ್ ಅದನ್ನೇ ತೆಗೆದುಹಾಕಿತು. ಯಾವ ಆಡಿಟ್ ಅದನ್ನು ನೋಡಿತ್ತು? ನವೆಂಬರಿನ ಸರ್ಟಿಫಿಕೇಟನ್ನು ಜನವರಿಯ ಆ್ಯಪಿನ ಕೊರಳಿಗೆ ಹೇಗೆ ಕಟ್ಟಿದಿರಿ? ಹತ್ತಿಯ ದಿನಗಳಲ್ಲಿ ಬೆರಳು ಬೇರೆ, ಜೂನಿನಲ್ಲಿ ಬೇರೆ. ಅದನ್ನಾದರೂ ನಿಮ್ಮಲ್ಲಿ ಯಾರಾದರೂ ಕೇಳಿದಿರಾ?

ಕಳೆದ ವಾರ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ವಿಶಾಖಾ ಪೆಟ್ಟಿಗೆ ಸಮೇತ ಸಿಕ್ಕಳು. "ದಿನಾ ಊಟಕ್ಕ ಕುಂತೀನಕ್ಕಾ. ಅನ್ನಕ್ಕ ನಾ ಇದ್ದೆ, ಮಷೀನಿಗೆ ಇರಲಿಲ್ಲಂತ," ಎಂದಳು. ಅಂದು ಫಾರ್ಮಿನಲ್ಲಿ ನಾನೇನು ಬರೆದೆನೆಂದು ಅವಳಿಗೆ ಗೊತ್ತಿಲ್ಲ. ಹೇಳದೆಯೇ ಅವಳ ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿ ಬಂದೆ.

ನವೆಂಬರಿನ ವರದಿ ರದ್ದು ಮಾಡಿ. ಪರೀಕ್ಷೆಗೆ ಮುನ್ನ ಅವಳ ಸೀಟು ಮರಳಿಸಿ. ಉಳಿದ ಐವರ ಹಾಜರಾತಿಯನ್ನೂ ತೆಗೆದು ನೋಡಿ. ಇನ್ನು ಪ್ರತಿ ಅಪ್‌ಡೇಟಿಗೆ ಮುನ್ನ ಮಾನ್ವಿ, ದೇವದುರ್ಗಕ್ಕೆ ನೀವೇ ಹೋಗಿ ಪರೀಕ್ಷಿಸಿ. ಒಬ್ಬಳನ್ನು ಗುರುತಿಸದಿದ್ದರೂ ಲಾಂಚ್ ನಿಲ್ಲಿಸಿ. ನನ್ನ ಮೇಲೆ ಬೇಕಾದ ಕ್ರಮ ಕೈಗೊಳ್ಳಿ. ಸೀಟು ಮರಳಿಸಿದ ಆದೇಶವನ್ನು ಅವಳಿಗೆ ತಲುಪಿಸುವ ಕೆಲಸ ಮಾತ್ರ ನನಗೆ ಕೊಡಬೇಡಿ. ಒಳ್ಳೆಯ ಸುದ್ದಿ ತಂದ ಅಕ್ಕ ಎಂದು ಅವಳು ನನ್ನನ್ನು ನೋಡುವುದು ಬೇಡ.

ಇಂತಿ,
ಈ ಸಲ ನಿಜಕ್ಕೆ ಸಹಿ ಹಾಕಿರುವ
ಮಿನಾಜ್
ಬಿಸಿಎ ಮೊದಲ ವರ್ಷ, ರಾಯಚೂರು