ಲಿವಿಯುವಿಗೆ ತಲುಪಬೇಕಾದ ಸೈಕಲ್

ಹೊಸ್ಮಾನ್,
ಸೆಪ್ಟೆಂಬರ್ ೧೫, ಶಿಲುಬೆ ಹಬ್ಬದ ಮರುದಿನ

ಮಗಳೇ ಸೊರೀನಾ,

ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲವಾದರೆ ಈ ಕಾಗದವನ್ನು ಹರಿದುಹಾಕು, ಬೇಡವೆನ್ನುವುದಿಲ್ಲ. ಹರಿಯುವ ಮೊದಲು ಒಂದೇ ಒಂದು ಸಾಲು ಓದು: ಲಿವಿಯುವಿನ ಸೈಕಲ್ ಕೊಟ್ಟುಬಿಟ್ಟೆ. ಲಿವಿಯು, ದೇವರು ಅವನನ್ನು ಕ್ಷಮಿಸಲಿ.

ಹೌದು, ನಾನೇ ಬರೆದದ್ದು, ನನ್ನ ಕೈಯಾರೆ. ತೀರಿಹೋದವರ ಹೆಸರೆತ್ತಿದಾಗಲೆಲ್ಲ ಅದರ ಬೆನ್ನಿಗೇ ಬರಬೇಕಾದ ಆ ಮಾತು ಒಂದೂವರೆ ವರ್ಷದಿಂದ ನನ್ನ ಬಾಯಲ್ಲಿ ಬಂದಿರಲಿಲ್ಲವೆಂದು ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ವರ್ಷದ ಪೂಜೆಗೆ ಬಂದ ಪಾದ್ರಿಗಳ ಎದುರೂ "ನಮ್ಮ ಲಿವಿಯುಗೆ ಹುರುಳಿಕಾಯಿ ಸೂಪ್ ಅಂದ್ರೆ ಪ್ರಾಣ" ಎಂದೇ ಹೇಳಿದವಳು ನಾನು. ಪಾದ್ರಿಗಳು ಚಮಚ ಕೆಳಗಿಟ್ಟರು. ನೀನು ತಲೆ ತಗ್ಗಿಸಿದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಎತ್ತಿಕೊಂಡೆ, ಎರಡು ಸಲವೂ ಇಟ್ಟೆ. ಫೋನಿನಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಏನೋ ಒಳ್ಳೆಯದು ಹೇಳಹೊರಟು ಮತ್ತೇನೋ ಒದರಿಬಿಡುತ್ತೇನೆ. ಜೂನ್ ತಿಂಗಳಲ್ಲಿ ಎದುರೆದುರೇ ಆದದ್ದೂ ಅದೇ. ನೀನು ತಿಮಿಶೋರಾದಿಂದ ಅಷ್ಟು ದೂರ ಬಂದು, ಆ ಆಲಿನ್‌ನನ್ನು ಗೇಟಿನ ಹೊರಗೇ ನಿಲ್ಲಿಸಿ, ಮದುವೆಯಾಗಲೇ ಎಂದು ನನ್ನನ್ನು ಕೇಳಿದೆ. ಕೇಳಲೇಬೇಕೆಂದು ಎಲ್ಲೂ ಇಲ್ಲ, ಆದರೂ ಕೇಳಿದೆ. ನಾನೋ, "ನನ್ನ ಮಗನ ಸೈಕಲ್ ಇನ್ನೂ ಪಡಸಾಲೇಲಿ ನಿಂತಿದೆ, ನೀನು ಆಗ್ಲೇ ಇನ್ನೊಬ್ಬನ್ನ ಗೇಟಿಗೆ ತಂದು ನಿಲ್ಲಿಸಿದ್ದೀಯಾ?" ಎಂದೆ. ಒಂದು ಲೋಟ ನೀರೂ ಕುಡಿಯದೆ ಎದ್ದೆ ನೀನು. "ಆಯ್ತು ಅತ್ತೆ. ಆ ಸೈಕಲ್ ಮನೆಯಿಂದ ಹೋದ ದಿನ ನಂಗೆ ತಿಳಿಸಿ. ಅಲ್ಲೀವರೆಗೂ ನಾನು ಮದುವೆ ಆಗಲ್ಲ" ಎಂದೆ. ನಿನ್ನ ಹಟ ನನಗೆ ಗೊತ್ತು. ಆಡಿದಂತೆ ನಡೆದುಕೊಳ್ಳುವವಳು. ಅದಕ್ಕೇ ಹೆದರಿಕೆಯಾಯಿತು, ಮತ್ತು ನಿಜ ಹೇಳುತ್ತೇನೆ, ಸ್ವಲ್ಪ ಸಂತೋಷವೂ ಆಯಿತು.

ಕೊಡಬೇಕೆಂಬುದು ನನಗೇನು ಗೊತ್ತಿರಲಿಲ್ಲವೇ? ಅವನ ಬೂಟು, ಉಣ್ಣೆ ಕೋಟು, ತಟ್ಟೆ, ಚಮಚ ಎಲ್ಲವನ್ನೂ ನೀನೇ ಒಬ್ಬೊಬ್ಬರ ಕೈಗೆ ಕೊಟ್ಟೆ. ಇಲ್ಲಿ ಕೊಟ್ಟದ್ದು ಅಲ್ಲಿ ಅವನ ಕೈಸೇರುತ್ತದೆ, ಕೊಡದಿದ್ದರೆ ಅವನು ಬರಿಗೈಯಲ್ಲಿ. ಸೈಕಲ್ಲಿಗೆ ಮಾತ್ರ ನಾನೊಂದು ನೆಪ ಹಿಡಿದಿದ್ದೆ: ಅವನ ವಯಸ್ಸಿನವನೇ ಬೇಕು, ಅವನಷ್ಟೇ ಎತ್ತರ ಇರಬೇಕು, ಕಲ್ಲುಮಣ್ಣಿನ ದಾರಿಯಲ್ಲಿ ನಿಜವಾಗಿ ಓಡಿಸುವವನಾಗಿರಬೇಕು. ನಮ್ಮೂರಲ್ಲಿ ಅಂಥವನೆಲ್ಲಿದ್ದಾನೆ? ಟಗರಿನ ಕೊಂಬಿನ ಹಾಗೆ ಬಾಗಿದ ಆ ಹ್ಯಾಂಡಲ್ ನೋಡಿ ಅಂಚೆಯವನು, "ನನಗ್ಯಾಕೆ ಚಿಕ್ಕಮ್ಮ, ಇದನ್ನ ಹತ್ತಿದ್ರೆ ಮೂಗು ಚಕ್ರಕ್ಕೆ ತಾಗುತ್ತೆ" ಎಂದು ನಕ್ಕ. ನನಗೂ ಅದೇ ಬೇಕಾಗಿತ್ತು.

ಆದರೆ ನೀನು ಆ ಮಾತು ಹೇಳಿ ಹೋದ ಮೇಲೆ ಬೇಸಿಗೆಯಿಡೀ ಗೇಟಿನ ಬೆಂಚಿನ ಮೇಲೆ ಕೂತೆ. ಲಿವಿಯು ಗುರುತಿಗೆಂದು ಕಲ್ಲು, ಮರಗಳ ಮೇಲೆ ನೀಲಿ ಬೊಟ್ಟು ಬಳಿದು ಹೋದ ದಾರಿಯಲ್ಲಿ ಸೈಕಲ್ ಸವಾರರು ಈಗಲೂ ಬರುತ್ತಾರಲ್ಲ, ಸಿಬಿಯು ಪೇಟೆ ಬಿಟ್ಟು, ಕೊರ್ನೆಟ್ಸೆಲ್‌ನಲ್ಲಿ ಡಾಂಬರು ಬಿಟ್ಟು, ಪುಟ್ಟ ರೈಲಿನ ಹಳಿ ಪಕ್ಕದ ಜಲ್ಲಿಯ ಮೇಲೆ. ಬಂದವರನ್ನೆಲ್ಲ ಕಣ್ಣಲ್ಲೇ ಅಳೆದೆ. ಒಬ್ಬ ಗಿಡ್ಡ, ಇನ್ನೊಬ್ಬನಿಗೆ ಹೊಟ್ಟೆ, ಮತ್ತೊಬ್ಬ ನನ್ನ ಬಾತುಗಳನ್ನು ಬೈದ. "ಏನೇ ಕೀವಾ, ಈ ವಯಸ್ಸಲ್ಲಿ ಗಂಡು ನೋಡ್ತಿದ್ದೀಯಾ?" ಎಂದು ಪಕ್ಕದ ಮನೆ ರಾಫಿಲಾ ಬೇಲಿಯಾಚೆಯಿಂದ ದಿನಾ ಕಾಲೆಳೆದಳು. ಅವಳ ನಾಲಿಗೆ ನಿನಗೆ ಗೊತ್ತಲ್ಲ.

ನಿನ್ನೆ ಇಗರ್ಜಿಯಿಂದ ಬಂದು ಪ್ಲಮ್ ಬಿಡಿಸುತ್ತಾ ಕೂತಿದ್ದಾಗ ಅವನು ಬಂದ. ಸೈಕಲ್ ಹೆಗಲ ಮೇಲೆ ಹೊತ್ತಿದ್ದ. ಗಾಡಿಜಾಡಿನಲ್ಲಿ ಸಿಕ್ಕಿ ಮುಂದಿನ ಚಕ್ರ ಎಂಟರ ಅಂಕಿಯಂತೆ ತಿರುಚಿಕೊಂಡಿತ್ತು. ಹಾಲೆಂಡಿನವನಂತೆ, ಯೋರಿಸ್ ಎಂದು ಹೆಸರು. ನಮ್ಮ ಭಾಷೆಯಲ್ಲಿ ನಾಲ್ಕು ಮಾತು ಕಲಿತಿದ್ದ, ಉಳಿದದ್ದನ್ನು ಅವನ ಫೋನು ಆಡುತ್ತಿತ್ತು. ಶಿಲುಬೆ ಹಬ್ಬವೆಂದರೆ ಉಪವಾಸದ ದಿನ, ಮನೆಯಲ್ಲಿದ್ದದ್ದು ಬೇಯಿಸಿದ ಅವರೆ ಮತ್ತು ಈರುಳ್ಳಿ ಅಷ್ಟೇ. ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ಒರೆಸಿ ತಿಂದ. ಅವನು ಬಾಗಿದಾಗ ಹೆಗಲು ನೋಡಿದೆ. ಅದೇ ಅಗಲ. ಎದ್ದು ನಿಂತಾಗ ಬಾಗಿಲ ಪಟ್ಟಿಗೆ ತಲೆ ತಾಗಿಸಿಕೊಂಡ. ಇನ್ನು ನೆಪ ಉಳಿದಿರಲಿಲ್ಲ.

ಎದೆ ಗಟ್ಟಿಮಾಡಿಕೊಂಡು ಸೈಕಲ್ಲನ್ನು ಹೊರಗೆ ತಂದೆ. ಹ್ಯಾಂಡಲ್ಲಿಗೆ ಹೊಸ ಟವೆಲ್ ಕಟ್ಟಿದೆ, ಹಬ್ಬದ ರೊಟ್ಟಿ ಸಿಕ್ಕಿಸಿದೆ, ಮೇಣದಬತ್ತಿ ಹಚ್ಚಿದೆ. ಸೀಟು ತೀರಾ ಕೆಳಗಿದೆಯಲ್ಲ, ಇದನ್ನು ಓಡಿಸುವವನು ಗಿಡ್ಡನೇ ಎಂದು ಫೋನು ಕೇಳಿತು. ಅದಕ್ಕೆ ಏನು ಹೇಳಲಿ? ನೀನು ಹೋದ ಮೇಲೆ ನಾನೇ ಅದನ್ನು ಇಳಿಸಿ, ಹಿತ್ತಲಲ್ಲಿ ಹತ್ತಿ ನೋಡಿದ್ದೆ ಸೊರೀನಾ. ಅರವತ್ತೆಂಟರ ಮುದುಕಿ! ಟೊಮೆಟೊ ಪಾತಿಯ ಮೇಲೆ ಬಿದ್ದೆ. ಮೊಣಕಾಲು ಯಾಕೆ ಊದಿದೆ ಎಂದು ರಾಫಿಲಾ ಕೇಳಿದಾಗ ಮೆಟ್ಟಿಲು ಜಾರಿತು ಎಂದಿದ್ದೆ, ನಿಜ ಇದೇ. ನಗು ಬಂದರೆ ನಕ್ಕುಬಿಡು.

"ತಗೋಪ್ಪ" ಎಂದೆ ಅವನಿಗೆ. ಅವನು ಎದೆಯ ಮೇಲೆ ಕೈಯಿಟ್ಟು, ಪಾಠ ಒಪ್ಪಿಸುವ ಹಾಗೆ, "ಧನ್ಯವಾದ, ಅನೇಕ ಧನ್ಯವಾದ" ಎಂದ. ಫೋನಿನ ಬಾಯಲ್ಲಿ ಇನ್ನೇನೋ ಹೇಳಿಸಿದ. ನನ್ನ ಕಿವಿ ಆಗ ನನ್ನ ಹತ್ತಿರ ಇರಲಿಲ್ಲ. ಸೀಟು ಏರಿಸಿಕೊಂಡು, ಬತ್ತಿ ಆರಿಸಿ ಜೇಬಿಗಿಟ್ಟು, ಗುಡ್ಡದ ಕಡೆ ಹೊರಟುಹೋದ. ಮುರಿದ ಸೈಕಲ್ ನಮ್ಮ ಅಂಗಳದಲ್ಲೇ ಬಿಟ್ಟಿದ್ದ.

ಬೇಲಿಯಾಚೆಯಿಂದ ರಾಫಿಲಾ ಕೂಗಿದಳು. "ಕೀವಾ, ಅವನು ಏನಂದ?"

"ಧನ್ಯವಾದ ಅಂದ."

"ಬೊಗ್ದಾಪ್ರೋಸ್ಟೆ ಅನ್ಲಿಲ್ವಾ?"

"ಇಲ್ಲ."

"ಅಯ್ಯೋ ಹೋಯ್ತು ಬಿಡು! ಜೊತೆಗೆ ನಾಳೆ ಸಂಜೆ ವಾಪಸ್ ತರ್ತೀನಿ ಅಂತ ಬೇರೆ ಅಂದ್ನಲ್ಲೇ ಆ ಫೋನಲ್ಲಿ! ಎರವಲು ಕೊಟ್ಟಿದ್ದೀಯಾ ಅಂದ್ಕೊಂಡಿದ್ದಾನೆ!"

ನೀವು ಪೇಟೆಯವರು ಇದನ್ನೆಲ್ಲ ಮರೆತಿದ್ದೀರಿ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಸತ್ತವರ ಹೆಸರಲ್ಲಿ ಕೊಟ್ಟದ್ದಕ್ಕೆ ಧನ್ಯವಾದ ಹೇಳಬಾರದು. ಧನ್ಯವಾದ ಎಂದರೆ ಅದು ಕೊಟ್ಟವಳಿಗೇ ಸಂದುಹೋಯಿತು, ಲೆಕ್ಕ ಇಲ್ಲೇ ಮುಗಿಯಿತು. ಬೊಗ್ದಾಪ್ರೋಸ್ಟೆ ಎಂದರೆ, ದೇವರು ಅವನನ್ನು ಕ್ಷಮಿಸಲಿ ಎಂದರೆ, ಆಗ ಅದು ಆಚೆಗೆ ದಾಟುತ್ತದೆ. ಕೊಟ್ಟದ್ದು ವಾಪಸ್ ಬಂದರಂತೂ ಕೇಳುವುದೇ ಬೇಡ, ಸತ್ತವನ ಕೈಯಿಂದ ಕಿತ್ತುಕೊಂಡ ಹಾಗೆ. ಸೈಕಲ್ ಮನೆಯಲ್ಲೂ ಇಲ್ಲ, ಮಗನಿಗೂ ತಲುಪಿಲ್ಲ. ನಿನಗೆ ಏನೆಂದು ತಿಳಿಸಲಿ?

"ಕಾರು ಹತ್ತು" ಎಂದಳು ರಾಫಿಲಾ. ಗಂಡ ಸತ್ತ ಮೇಲೆ ಅವಳೇ ಓಡಿಸುತ್ತಾಳೆ. ಎರಡನೇ ಗೇರಿಗಿಂತ ಮೇಲೆ ಹೋಗುವುದಿಲ್ಲ, ಆದರೆ ಆ ದಾರಿಗೆ ಅದೇ ಹೆಚ್ಚು. ನೀಲಿ ಬೊಟ್ಟು ನೋಡಿಕೊಂಡು ಹೋದೆವು. ಕೋಟೆ ಇಗರ್ಜಿಯ ಗೋಡೆಯ ಮೇಲೊಂದು, ಆಕ್ರೋಟ ಮರದ ಬುಡದಲ್ಲೊಂದು, ಬತ್ತಿದ ತೊಟ್ಟಿಯ ಕಲ್ಲಿನ ಮೇಲೊಂದು. ಹುಟ್ಟಿದ್ದು, ಮದುವೆಯಾದದ್ದು ಎಲ್ಲ ಇಲ್ಲೇ ಆದರೂ ಆ ಗುಡ್ಡದ ಮೇಲಕ್ಕೆ ನಾನು ಹೋಗಿರಲಿಲ್ಲ. "ಬಾರಮ್ಮ, ಒಂದ್ಸಲ ನನ್ನ ದಾರಿ ನೋಡು" ಎಂದು ಲಿವಿಯು ಕರೆಯುತ್ತಲೇ ಇದ್ದ. ಕೋಳಿಗೆ ಕಾಳು ಯಾರು ಹಾಕ್ತಾರೆ ಎನ್ನುತ್ತಿದ್ದೆ. ಮೇಲೆ ಹಳೆಯ ಓಕ್ ಮರಗಳು ಒಂದೊಂದೇ ದೂರ ದೂರ ನಿಂತಿವೆ, ನಡುವೆ ಬಿಳಿ ಜಲ್ಲಿಯ ದಾರಿ. ದಕ್ಷಿಣಕ್ಕೆ ಬೆಟ್ಟಸಾಲು, ಅದರ ನೆತ್ತಿಯಲ್ಲಿ ಆಗಲೇ ಹೊಸ ಹಿಮ. ಎಷ್ಟು ಚೆನ್ನಾಗಿದೆ ಸೊರೀನಾ! ನೀನು ಅವನ ಜೊತೆ ಎಷ್ಟೋ ಸಲ ನೋಡಿದ್ದೀಯಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ನಿಕೊದಿಮನ ಕುರಿದೊಡ್ಡಿಯ ಹತ್ತಿರ ಯೋರಿಸ್ ಸಿಕ್ಕ. ಸಿಗದೆ ಎಲ್ಲಿ ಹೋಗುತ್ತಾನೆ, ಐದು ನಾಯಿಗಳು ಸುತ್ತುವರಿದಿದ್ದವು. ಸೈಕಲ್ಲನ್ನೇ ಗುರಾಣಿ ಮಾಡಿಕೊಂಡು ದಿಬ್ಬಕ್ಕೆ ಬೆನ್ನು ಕೊಟ್ಟು ನಿಂತು, "ಶುಭ ದಿನ, ಶುಭ ದಿನ" ಎಂದು ನಾಯಿಗಳಿಗೆ ಹೇಳುತ್ತಿದ್ದ. ನಿಕೊದಿಮ ಓಡಿ ಬಂದು ಶಿಳ್ಳೆ ಹಾಕಿದ. "ಇವೇನು ಕಚ್ಚಲ್ಲ ಮಾರಾಯ, ಹೆಸರು ಕೇಳ್ತಾವೆ ಅಷ್ಟೇ" ಎಂದ.

ನಾನು ಹೋದವಳೇ ಯೋರಿಸನ ತೋಳು ಹಿಡಿದೆ. "ಬೊಗ್ದಾಪ್ರೋಸ್ಟೆ ಅನ್ನು!" ಫೋನಿಗೆ ಆ ಮಾತು ಅರ್ಥವಾಗಲಿಲ್ಲ. ಅವನು ನಗುನಗುತ್ತಾ, ಹೆಂಡದ ಲೋಟ ಎತ್ತಿ ಶುಭ ಕೋರುವವನ ಹಾಗೆ, "ಬೊಗ್ದಾ... ಪ್ರೋಸ್ಟೆ!" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಹಾಗಲ್ಲ, ಹಾಗಲ್ಲ ಎಂದು ಕೂಗಾಡಿದೆ. ಪರದೇಶಿ, ದಡ್ಡ, ತಿಂದ ಅನ್ನದ ಋಣ ತಿಳಿಯದವನು, ಬಾಯಿಗೆ ಬಂದದ್ದೆಲ್ಲ ಅಂದೆ.

ರಾಫಿಲಾ ನನ್ನನ್ನು ಪಕ್ಕಕ್ಕೆ ಎಳೆದಳು. "ಒಂದು ನಿಮಿಷ ಬಾಯಿ ಮುಚ್ಚು ಕೀವಾ. ಗೇಟಲ್ಲಿ ನೀನು ಏನಂತ ಹೇಳಿ ಕೊಟ್ಟೆ?"

"ತಗೋಪ್ಪ ಅಂದೆ."

"ಅಷ್ಟೇನಾ?"

"ಅಷ್ಟೇ."

"ಯಾರ ಆತ್ಮಕ್ಕೆ ಅಂತ ಹೇಳ್ಲಿಲ್ವಾ? ಹೆಸರು ಹೇಳ್ಲಿಲ್ವಾ? ಮತ್ತೆ ಅವನನ್ನ ಯಾಕೆ ಬೈತೀಯೇ? ತಗೋ ಅಂದ್ರೆ ಧನ್ಯವಾದ ಅಂದ. ಸರಿಯಾಗೇ ಅಂದ ಪಾಪ!"

ಬತ್ತಿ, ಟವೆಲ್, ರೊಟ್ಟಿ ಒಂದನ್ನೂ ಮರೆಯದ ನಾನು ಅದೊಂದನ್ನು ಬಿಟ್ಟಿದ್ದೆ. ಮರೆತು ಬಿಟ್ಟದ್ದಲ್ಲ. ಆ ಮಾತಿಗೆ ಬಾಯಿ ತೆರೆದರೆ ಅವನು ಸತ್ತದ್ದು ನಿಜವಾಗಿಬಿಡುತ್ತದೆ. ಅಷ್ಟು ದಿನ ಆಸ್ಪತ್ರೆಯಲ್ಲಿ ಅವನ ಬಾಯಿಗೆ ನೀರು ಬಿಟ್ಟವಳು ನೀನು, ಕಣ್ಣು ಮುಚ್ಚಿದವಳು ನೀನು. ನಾನು ಕಾರಿಡಾರಿನಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದೆ, ಚಳಿಗಾಲಕ್ಕೆ ಬೇಕಾಗುತ್ತೆ ಎಂದು.

ಯೋರಿಸ್ ಜೇಬಿನಿಂದ ಬತ್ತಿ ತೆಗೆದು ಕೊಟ್ಟ. ಅವನಿಗೆ ಏನು ಹೊಳೆಯಿತೋ! ಗಾಳಿ ಬೀಸುತ್ತಿತ್ತು, ನಿಕೊದಿಮ ತನ್ನ ಟೋಪಿಯನ್ನು ಅಡ್ಡ ಹಿಡಿದ. ನಾನು ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೆ. "ಇದು ನನ್ನ ಮಗ ಲಿವಿಯುವಿನ ಆತ್ಮಕ್ಕೆ ಸಲ್ಲಲಿ. ದೇವರು ಅವನನ್ನು ಕ್ಷಮಿಸಲಿ" ಎಂದೆ. ದನಿ ಹೊರಟಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದೆ. ಕೇಳಿದ್ದು ಕುರಿಗಳ ಗಂಟೆ ಮಾತ್ರ. ಯೋರಿಸ್ ತಲೆಯ ಮೇಲಿನ ಹೆಲ್ಮೆಟ್ ತೆಗೆದ. ಈ ಸಲ ನಗಲಿಲ್ಲ. ಮೆಲ್ಲಗೆ, ಒಂದೊಂದೇ ಅಕ್ಷರವಾಗಿ, "ಬೊಗ್ದಾಪ್ರೋಸ್ಟೆ" ಎಂದ. ನಾನು ಹ್ಯಾಂಡಲ್ ಬಿಟ್ಟೆ.

ವಾಪಸ್ ತರಬೇಡ ಎಂದು ಫೋನಿಗೆ ಮೂರು ಸಲ ಹೇಳಿಸಿದಳು ರಾಫಿಲಾ. ಅವನು ತಲೆಯಾಡಿಸಿ ಓಕ್ ಮರಗಳ ನಡುವೆ ಹೋದ. ಸೈಕಲ್ಲಿನ ಮೇಲೆ ಬೇರೊಬ್ಬನ ಬೆನ್ನು ಕಂಡಿತು. ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು ಅತ್ತೆ ಮಗಳೇ. ಹೂಳುವ ದಿನ ಅಳದವಳು ನಿನ್ನೆ ಅತ್ತೆ. "ಅತ್ತುಬಿಡು, ಕುರಿಗಳೇನು ಊರಿಗೆಲ್ಲ ಹೇಳಲ್ಲ" ಎಂದಳು ರಾಫಿಲಾ, ಅವಳೂ ಮೂಗು ಒರೆಸಿಕೊಳ್ಳುತ್ತಾ.

ಇವತ್ತು ಬೆಳಗ್ಗೆ ಪಡಸಾಲೆ ಗುಡಿಸಿದೆ. ಅದು ನಿಂತಿದ್ದ ಜಾಗದಲ್ಲಿ ಎರಡು ಚಕ್ರದ ಗುರುತು ನೆಲಕ್ಕೆ ಹತ್ತಿದೆ, ಉಜ್ಜಿದರೂ ಹೋಗಲಿಲ್ಲ, ಇರಲಿ. ನೀನು ಕೇಳಿದ್ದ ಸುದ್ದಿ ಇದೇ. ಹೇಳಿದ ಮಾತಿನಂತೆ ನೀನಿನ್ನು ಬಿಡುಗಡೆಯಾದೆ. ಮದುವೆ ಮಾಡಿಕೋ. ಆಲಿನ್‌ನನ್ನು ನಾನು ಸರಿಯಾಗಿ ನೋಡಿಯೂ ಇಲ್ಲ, ಬಿಸಿಲಲ್ಲಿ ನಿಲ್ಲಿಸಿ ಕಳಿಸಿದೆ. ಅವನಿಗೆ ಹುರುಳಿಕಾಯಿ ಸೂಪ್ ಸೇರುತ್ತದೆಯೇ ಎಂದು ಬರೆ. ಸೇರದಿದ್ದರೂ ಚಿಂತೆಯಿಲ್ಲ, ಬೇರೆ ಮಾಡುತ್ತೇನೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಹೊಸ್ಮಾನಿನ ಮುದುಕಿ,
ಪರಾಸ್ಕೀವಾ

ಮರೆತಿದ್ದೆ: ಮದುವೆಗೆ ಹೊರಡುವ ಹುಡುಗಿ ಹೆತ್ತವರ ಮನೆಯಿಂದ ಹೊರಡಬೇಕು. ನಿನಗೆ ತಾಯಿಯಿಲ್ಲ, ಹೋದ ಸಲ ಚಿಕ್ಕಮ್ಮನ ಮನೆಯಿಂದ ಹೊರಟು ನಮ್ಮನೆಗೆ ಬಂದೆ. ಈ ಸಲ ಇಲ್ಲಿಂದಲೇ ಹೊರಡು. ಮಗನ ಹೆಂಡತಿಯನ್ನು ಅತ್ತೆಯೇ ಮದುವಣಗಿತ್ತಿ ಮಾಡಿ ಕಳಿಸುವುದನ್ನು ಎಲ್ಲೂ ಕೇಳಿಲ್ಲ ಎಂದಳು ರಾಫಿಲಾ. ಈಗ ಕೇಳಿಸ್ಕೋ ಎಂದೆ. ಹೊಸ್ತಿಲಲ್ಲಿ ಮಗಳು ತಾಯಿಯ ಮುಂದೆ ಮಂಡಿಯೂರಿ ಕ್ಷಮೆ ಕೇಳುವ ಶಾಸ್ತ್ರವಿದೆಯಲ್ಲ, ಅದಕ್ಕೆ ನೀನು ಮಂಡಿಯೂರಬೇಡ, ಬಾಯಿಯನ್ನೂ ತೆರೆಯಬೇಡ. ಈ ಸಲ ಕೇಳುವವಳು ನಾನು.