ಮಂಗಳವಾರದ ಬಾಟಲಿ

ಮೇಡಂ,

ಮಂಗಳವಾರ ಬಲೆಯಲ್ಲಿ ಸೋಸಿ ತಂದ ಕಡಲನೀರಿನ ಬಾಟಲಿಗೆ ನಾನು ಫಾರ್ಮಲಿನ್ ಹಾಕಲಿಲ್ಲ. ಮರೆತದ್ದಲ್ಲ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮೇಲೆ ಅದು ಕೆಲಸದ ಮೊದಲ ದಿನ. ಸೂಕ್ಷ್ಮದರ್ಶಕದಡಿ ಕಡಲಹುಳುವಿನ ಮರಿಗಳು ಗಿರಗಿರ ತಿರುಗುತ್ತಿದ್ದವು. ಫಾರ್ಮಲಿನ್ ಎರಡು ಹನಿ ಬಿದ್ದರೆ ಸತ್ತು ನಿಂತುಬಿಡುತ್ತವೆ. ಕೈ ಏಳಲಿಲ್ಲ. ಮೆಟ್ಟಿಲಿಳಿದು ಹೋಗಿ ಸಮುದ್ರಕ್ಕೇ ಬಿಟ್ಟು ಬಂದೆ.

"ಸಾವಿರ ಮರಿಗಳಲ್ಲಿ ಒಂದು ಬದುಕಿ ಕಡಲತಳದಲ್ಲಿ ನೆಲ ಹಿಡಿದರೆ ಅದೇ ದೊಡ್ಡದು ಕಣಮ್ಮ" ಎಂದು ನೀವೇ ಕಲಿಸಿದ್ದಿರಿ. ನಾನೂ ಹೊಸಬರಿಗೆ ಅದನ್ನು ನಗುನಗುತ್ತಾ ಹೇಳುತ್ತಿದ್ದೆ. ನನಗಿದ್ದದ್ದು ಒಂದೇ, ಮೇಡಂ.

ಮರಿಗಳ ಲೆಕ್ಕದ ರಿಜಿಸ್ಟರಿನಲ್ಲಿ ಆ ದಿನದ ಸಾಲು ಖಾಲಿ ಇರಲಿ. ಅಂದಾಜು ಬರೆಯುವುದು ಬೇಡ. ಸೋಮವಾರದಿಂದ ಮತ್ತೆ ಎಣಿಸುತ್ತೇನೆ. ಅಷ್ಟರೊಳಗೆ, ನೀವು ಹೆಣೆದುಕೊಟ್ಟ ಪುಟ್ಟ ಟೋಪಿಯನ್ನು ನನ್ನ ಡ್ರಾಯರಿನಿಂದ ಯಾರಾದರೂ ತೆಗೆದಿಟ್ಟರೆ ಉಪಕಾರ.

ಇಂತಿ,
ಕಿಟಕಿ ಪಕ್ಕದ ಮೇಜಿನವಳು