ಮಲ್ಲಿಕ್ ಡಾಕ್ಟರು, ನಾನು ರೋಗಿ

ಟಿ. ದಾಸರಹಳ್ಳಿ,
೯ ಆಗಸ್ಟ್ ೨೦೧೪

ಅವ್ವಾ, ನಿನ್ನ ಭುವನೇಶ್ವರಿಯ ನಮಸ್ಕಾರ.

ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾರೆ. ಅದಕ್ಕೇ ಈ ಕಾಗದ, ಅದೂ ನಿನ್ನ ಶಾಲೆಯ ವಿಳಾಸಕ್ಕೆ. ಒಬ್ಬಳೇ ಓದು.

ಈ ತಿಂಗಳು ಕಾಲೇಜಿನವರು ನಮ್ಮ ಬ್ಯಾಚನ್ನು ತರಬೇತಿಗೆಂದು ಪೀಣ್ಯದ ವ್ಯಸನಮುಕ್ತಿ ಕ್ಲಿನಿಕ್ಕಿಗೆ ಹಾಕಿದ್ದಾರೆ. ಬರೀ ಕುಡುಕರು ಬರುತ್ತಾರೆ ಅಂದುಕೊಂಡಿದ್ದೆ. ನೋವಿನ ಮಾತ್ರೆ ಬಿಡಲಾಗದವರೂ ಬರುತ್ತಾರೆ. ಆ ಮಾತ್ರೆ ಅಫೀಮಿನ ಜಾತಿಯದೇ. ರೋಗಿಗಳ ಹತ್ತಿರ ಬಿಡುವ ಮೊದಲು ನಮ್ಮನಮ್ಮಲ್ಲೇ ಅಭ್ಯಾಸ ಮಾಡಿಸಿದರು. ನನ್ನ ಜೊತೆ ಓದುವ ಮಲ್ಲಿಕ್ ಡಾಕ್ಟರಾದ, ನಾನು ರೋಗಿ.

ಏನು ಹೇಳಬೇಕೋ ತೋಚದೆ ನಿನ್ನ ಮಾತನ್ನೇ ಹೇಳಿದೆ. ಮಾತ್ರೆ ತಪ್ಪಿದ ದಿನ ಮೈಯೆಲ್ಲ ಮುರಿದಂತಾಗುತ್ತದೆ, ಆಕಳಿಕೆ ನಿಲ್ಲುವುದಿಲ್ಲ, ಮೂಗು ಸೋರುತ್ತದೆ, ಒಂದು ನುಂಗಿದರೆ ಎಲ್ಲ ಸರಿ ಅಂತ. ನಿನ್ನ ಹಾಗೇ ನರಳಿದೆ ಕೂಡ. ಎಲ್ಲರೂ ನಕ್ಕರು. ಕ್ಲಿನಿಕ್ಕಿನ ಡಾಕ್ಟರ್ ಮೇಡಂ ನಗಲಿಲ್ಲ. ಇಂಥವರನ್ನೇ ನೀವು ಗುರುತಿಸಬೇಕಾದದ್ದು ಎಂದರು. ನನ್ನ ನಗು ಅಲ್ಲೇ ನಿಂತಿತು.

ಮಾರನೆಯ ದಿನ ನಮ್ಮ ಊರ ಕಡೆಯ ರೋಗಿಯೊಬ್ಬರು, ಲೇತ್ ಕೆಲಸದ ಮರೆಪ್ಪ, ನೋವು ಹೋಗಿ ವರ್ಷ ಆತ್ರೀ, ಮಾತ್ರಿ ಹೋಗವಲ್ದು ಎಂದರು.

ಅವ್ವಾ, ನನಗೆ ತಲೆಬುಡ ತಿಳಿಯುತ್ತಿಲ್ಲ. ನಿನ್ನ ಬೆನ್ನಿನ ಆಪರೇಷನ್ ಆಗಿ ಎರಡು ವರ್ಷ. ಅಂದಿನಿಂದ ಆ ಮಾತ್ರೆ ಕೊರಿಯರ್ ಮಾಡುತ್ತಿರುವವಳು ನಾನೇ. ನಿನಗಿರುವುದು ನೋವೋ, ಮಾತ್ರೆಯ ಹಸಿವೋ? ಎರಡೂ ಇದ್ದರೆ? ನಿನ್ನ ಮೇಲೆ ಸಿಟ್ಟು ಬರುತ್ತದೆ, ಮರುಗಳಿಗೆಗೆ ನನ್ನ ಮೇಲೆ. ಕಳಿಸಲು ಮನಸ್ಸಿಲ್ಲ; ಒಮ್ಮೆಲೇ ನಿಲ್ಲಿಸಿದರೆ ನೀನು ಒದ್ದಾಡುತ್ತೀಯ ಎಂಬ ಭಯ. ಮೇಡಂ ಅವರನ್ನೇ ಕೇಳಿ ಹತ್ತು ದಿನದ್ದು ಮಾತ್ರ ಕಳಿಸಿದ್ದೇನೆ.

ಅದು ಮುಗಿಯುವುದರೊಳಗೆ ಬಾ. ಇಲ್ಲಿ ನಾಲಿಗೆಯ ಕೆಳಗಿಡುವ ಔಷಧಿ ಕೊಟ್ಟು ನಿಧಾನವಾಗಿ ಬಿಡಿಸುತ್ತಾರೆ. ಯಾರೂ ಬೈಯುವುದಿಲ್ಲ. ಬೆನ್ನು ತೋರಿಸಲು ಹೊರಟೆ ಎಂದು ಅಪ್ಪನಿಗೆ ಹೇಳು, ಅದು ಪೂರ್ತಿ ಸುಳ್ಳೇನಲ್ಲ.

ದಾರಿ ಕಾಯುತ್ತಿರುವ,
ನಿನ್ನ ಭುವನಿ

ತಾ.ಕ.: ಕ್ಲಿನಿಕ್ಕಿನಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಇವರು ನಿಮಗೆ ಏನಾಗಬೇಕು ಎಂದು ಕೇಳಿದರು. ದೂರದ ಸಂಬಂಧ ಎಂದುಬಿಟ್ಟೆ. ಇದರಲ್ಲಿ ನಾಚಿಕೆಪಡುವುದೇನಿಲ್ಲ ಎಂದು ದಿನವೂ ಬೇರೆಯವರಿಗೆ ಹೇಳುವವಳು ನಾನು. ನೀನು ಬಂದಾಗ ಬಾಗಿಲಲ್ಲೇ, ಎಲ್ಲರ ಎದುರಿಗೆ, ನನ್ನನ್ನು ಮಗಳೇ ಎಂದು ಜೋರಾಗಿ ಕೂಗಿಬಿಡು.